ಲಾರಿ ಹತ್ತಿದ ಮೇಲೂ ಬಿಯರ್ ನಿಮ್ಮದೇ

ಬೆಂಗಳೂರಿನ ಕ್ರಾಫ್ಟ್ ಬಿಯರ್ ಬೆಳೆದದ್ದು ಟ್ಯಾಂಕಿನ ಮಗ್ಗುಲಲ್ಲೇ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದ ಕಾಲದಿಂದ ಇಲ್ಲಿನ ಗಿರಾಕಿ ನೋಡುತ್ತ ಬಂದದ್ದು ಒಂದೇ ಚಿತ್ರ: ಗಾಜಿನ ಗೋಡೆಯ ಆಚೆ ಸ್ಟೀಲ್ ಟ್ಯಾಂಕು, ಈಚೆ ಟೇಬಲ್ಲು, ನಡುವೆ ಕೆಲವೇ ಅಡಿ ಪೈಪು. ಟ್ಯಾಂಕೂ ತಣ್ಣಗೆ, ಪೈಪೂ ತಣ್ಣಗೆ. ಗ್ಲಾಸಿಗೆ ಬರುವಷ್ಟರಲ್ಲಿ ಬಿಯರ್ ಬಿಸಿಲು ಕಾಣುವುದಿಲ್ಲ, ಗಾಳಿಗೆ ಒಡ್ಡಿಕೊಳ್ಳುವುದಿಲ್ಲ, ಯಾರ ಗೋಡೌನಿನಲ್ಲೂ ಕಾಯುವುದಿಲ್ಲ. ಮೈಕ್ರೋಬ್ರೂವರಿ ಲೈಸೆನ್ಸಿನ ಸ್ವರೂಪವೇ ಹಾಗಿದೆ: ಮಾಡಿದಲ್ಲೇ ಮಾರು, ಅಲ್ಲೇ ಕುಡಿಸು.

ಈ ಅನುಕೂಲ ನಮ್ಮ ಬ್ರೂವರ್‌ಗಳಿಗೆ ಒಂದು ಕೆಟ್ಟ ಅಭ್ಯಾಸ ಕಲಿಸಿದೆ. ಒಳ್ಳೆಯ ಮಾಲ್ಟು, ಒಳ್ಳೆಯ ಹಾಪ್ಸು, ಶುದ್ಧ ಯೀಸ್ಟು, ಹುದುಗುವಾಗ ತಾಪದ ಮೇಲೆ ಒಂದು ಕಣ್ಣು, ಇಷ್ಟಾದರೆ ಕೆಲಸ ಮುಗಿಯಿತು ಎಂದು ನಂಬಿ ಕೂತಿದ್ದಾರೆ. ಟ್ಯಾಂಕಿನಲ್ಲಿ ಚೆನ್ನಾಗಿದ್ದರೆ ಎಲ್ಲ ಕಡೆಯೂ ಚೆನ್ನಾಗಿರುತ್ತದೆ ಎಂಬ ಧೈರ್ಯ. ಈಗ ಎಲ್ಲರಿಗೂ ಬಾಟಲಿ ಬೇಕು, ಕ್ಯಾನ್ ಬೇಕು, ಹುಬ್ಬಳ್ಳಿಗೆ, ಮಂಗಳೂರಿಗೆ, ಗೋವೆಗೆ ಲಾರಿ ಕಳಿಸಬೇಕು. ಕಳಿಸಲಿ, ತಪ್ಪಿಲ್ಲ. ಆದರೆ ಆ ಧೈರ್ಯವನ್ನೂ ಬಾಟಲಿಯ ಜೊತೆಗೇ ಲಾರಿಗೆ ಹೇರುತ್ತಿದ್ದಾರಲ್ಲ, ತಕರಾರಿರುವುದು ಅಲ್ಲಿ. ಅಂಗಡಿಯಲ್ಲಿ ಹೆಚ್ಚು ದುಡ್ಡು ಕೊಟ್ಟು ಕ್ರಾಫ್ಟ್ ಬಿಯರ್ ಕೊಂಡವನು ಮನೆಗೆ ಹೋಗಿ ಮುಚ್ಚಳ ತೆಗೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ, ಅದು ಅವನ ದುರದೃಷ್ಟವಲ್ಲ. ಯಾರೋ ಮಾಡಬೇಕಾದ ಕೆಲಸ ಮಾಡಲಿಲ್ಲ.

2020ರ ಲಾಕ್‌ಡೌನಿನಲ್ಲಿ ಇದರ ಮಾದರಿಯೊಂದನ್ನು ಊರೇ ಕಂಡಿತು. ಟ್ಯಾಂಕುಗಳಲ್ಲಿ ಉಳಿದ ಬಿಯರ್ ಚರಂಡಿ ಪಾಲಾಗದಿರಲಿ ಎಂದು ರಾಜ್ಯ ಸರ್ಕಾರ ಮೈಕ್ರೋಬ್ರೂವರಿಗಳಿಗೆ ಪಾರ್ಸೆಲ್ ಮಾರಲು ತಾತ್ಕಾಲಿಕ ಅನುಮತಿ ಕೊಟ್ಟಿತು. ಒಬ್ಬರಿಗೆ 2 ಲೀಟರ್‌ವರೆಗೆ, ಗಾಜು, ಪಿಂಗಾಣಿ ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ. ಸರಿಯಾದ ನಿರ್ಧಾರವೇ. ಆದರೆ ಕೌಂಟರಿನಲ್ಲಿ ನಡೆದದ್ದೇನು? ಬಾಟಲಿಯ ಬಾಯಿಯನ್ನು ಟ್ಯಾಪಿನ ಕೆಳಗೆ ಹಿಡಿದು, ಮೇಲಿನಿಂದ ಸುರಿದು, ನೊರೆ ಇಳಿಯಲಿ ಎಂದು ಒಂದು ನಿಮಿಷ ಬಿಟ್ಟು, ಮತ್ತೆ ಸುರಿದು, ಮುಚ್ಚಳ ತಿರುಗಿಸಿ ಕೈಗೆ ಕೊಟ್ಟರು. ಟ್ಯಾಪಿಗೆ ಒಂದು ಉದ್ದ ಕೊಳವೆ ಸಿಕ್ಕಿಸಿ ತಳದಿಂದ ತುಂಬಬಹುದಿತ್ತು. ಮೊದಲು ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಒಳಗಿನ ಗಾಳಿ ಓಡಿಸಬಹುದಿತ್ತು. ಸಿಲಿಂಡರ್ ಪಕ್ಕದಲ್ಲೇ ನಿಂತಿತ್ತು. "ಎಷ್ಟು ದಿನ ಇಡಬಹುದು?" ಎಂದು ಕೇಳಿದವರಿಗೆ "ಒಂದು ವಾರ ಏನೂ ಆಗಲ್ಲ ಸಾರ್" ಎಂಬ ಉತ್ತರ. ಹಾಗೆ ತುಂಬಿದ ಬಿಯರ್ ಫ್ರಿಜ್ಜಿನಲ್ಲಿಟ್ಟರೂ ಮಾರನೇ ದಿನದೊಳಗೆ ಕುಡಿದು ಮುಗಿಸಬೇಕಾದದ್ದು. ಗೊತ್ತಿಲ್ಲದೆ ಹೇಳಿದರೆಂದು ಬಿಟ್ಟುಬಿಡೋಣ ಎಂದರೆ, ಬಿಯರ್ ಮಾಡುವುದೇ ಕಸುಬಾದವರಿಗೆ ಅದು ಗೊತ್ತಿರಬೇಕಿತ್ತು.

ಬಿಯರಿನ ಮೊದಲ ಶತ್ರು ಗಾಳಿ, ಅಂದರೆ ಅದರೊಳಗಿನ ಆಮ್ಲಜನಕ. ಇಲ್ಲಿ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದನ್ನು ನಮ್ಮ ಸಣ್ಣ ಬಾಟ್ಲಿಂಗ್ ಘಟಕಗಳು ಮನಸ್ಸಿಗೆ ತಂದುಕೊಂಡೇ ಇಲ್ಲ. ಮುಚ್ಚಳ ಬಿದ್ದ ಮೇಲೆ ಬಾಟಲಿಯೊಳಗೆ ಉಳಿಯುವ ಒಟ್ಟು ಆಮ್ಲಜನಕವನ್ನು ಅಳೆಯುವುದು ಪಿಪಿಬಿಯಲ್ಲಿ, ಅಂದರೆ ನೂರು ಕೋಟಿಯಲ್ಲಿ ಇಷ್ಟು ಭಾಗ ಎಂದು. ಒಳ್ಳೆಯ ಬ್ರೂವರಿಗಳು ಅದನ್ನು 50ರ ಆಸುಪಾಸಿಗೆ ಇಳಿಸಲು ನೋಡುತ್ತವೆ. 100 ದಾಟಿದರೆ ತಲೆ ಕೆಡಿಸಿಕೊಳ್ಳುತ್ತವೆ. ಈಗ ಒಂದು 330 ಮಿಲಿ ಬಾಟಲಿ ತೆಗೆದುಕೊಳ್ಳಿ. ಅದರ ಕತ್ತಿನಲ್ಲಿ ಬರೀ 1 ಮಿಲಿ ಗಾಳಿ ಉಳಿದಿದೆ ಎನ್ನಿ. ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ಅದನ್ನು ಬಿಯರಿನ ತೂಕಕ್ಕೆ ಭಾಗಿಸಿದರೆ 800 ಪಿಪಿಬಿಗೂ ಹೆಚ್ಚಾಯಿತು. ಒಂದೇ ಒಂದು ಮಿಲಿ. ಕತ್ತಿನಲ್ಲಿ ಖಾಲಿ ಬಿಟ್ಟಿರುವ ಜಾಗ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಅದಕ್ಕೇ ಬಾಟಲಿ ತುಂಬುವುದು ಇಡೀ ಕಸುಬಿನಲ್ಲೇ ಅತ್ಯಂತ ಎಚ್ಚರದ ಕೆಲಸ. ಖಾಲಿ ಬಾಟಲಿಯಿಂದ ಗಾಳಿ ಎಳೆಯಬೇಕು, ಕಾರ್ಬನ್ ಡೈಆಕ್ಸೈಡ್ ತುಂಬಬೇಕು, ಮತ್ತೆ ಎಳೆದು ಮತ್ತೆ ತುಂಬಬೇಕು. ಬಿಯರ್ ಸೊನ್ನೆಯ ಹತ್ತಿರದ ತಂಪಿನಲ್ಲಿರಬೇಕು, ಟ್ಯಾಂಕಿನಲ್ಲಿರುವ ಒತ್ತಡವೇ ಬಾಟಲಿಯಲ್ಲೂ ಇರಬೇಕು, ಆಗ ಅದು ಉಕ್ಕದೆ ಇಳಿಯುತ್ತದೆ. ತುಂಬಿದ ಮೇಲೆ ದಾರದಷ್ಟು ಸಣ್ಣ ನೀರಿನ ಧಾರೆಯನ್ನು ಒತ್ತಡದಿಂದ ಬಾಯೊಳಗೆ ಚಿಮ್ಮಿಸುತ್ತಾರೆ. ಆಗ ಬಿಯರ್ ತಾನಾಗಿ ನೊರೆಯೇಳುತ್ತದೆ, ಸಣ್ಣ, ದಟ್ಟ, ಬಿಳಿ ನೊರೆ. ಆ ನೊರೆ ಕತ್ತಿನುದ್ದಕ್ಕೂ ಏರಿ, ಅಲ್ಲಿದ್ದ ಗಾಳಿಯನ್ನು ತಳ್ಳಿಕೊಂಡು ಬಂದು, ಬಾಯಿಯ ಅಂಚಿನ ಮೇಲೆ ಟೋಪಿಯ ಹಾಗೆ ನಿಂತ ಕ್ಷಣದಲ್ಲೇ ಮುಚ್ಚಳ ಬೀಳಬೇಕು. ನೊರೆ ಕಡಿಮೆಯಾದರೆ ಗಾಳಿ ಒಳಗೇ ಉಳಿಯಿತು. ದೊಡ್ಡ ದೊಡ್ಡ ಗುಳ್ಳೆ ಇದ್ದರೆ ಗುಳ್ಳೆಯೊಳಗೆ ಇರುವುದೂ ಗಾಳಿಯೇ. ಮುಚ್ಚಳ ಬೀಳುವುದು ಎರಡು ಸೆಕೆಂಡ್ ತಡವಾದರೆ ನೊರೆ ಕುಸಿದು ಗಾಳಿ ಮತ್ತೆ ಇಳಿಯಿತು.

ಸಣ್ಣ ಘಟಕಗಳ ಬಾಟ್ಲಿಂಗ್ ಕೋಣೆಗೆ ಹೋಗಿ ನಿಂತು ನೋಡಿ. ನಾಲ್ಕು ಬಾಯಿಯ ಫಿಲ್ಲರ್, ಪಕ್ಕದಲ್ಲಿ ಮುಚ್ಚಳ ಒತ್ತುವ ಯಂತ್ರ. ತುಂಬುವ ಹುಡುಗ ನಾಲ್ಕು ಬಾಟಲಿ ಇಳಿಸಿ ಮೇಜಿನ ಮೇಲೆ ಸಾಲಾಗಿ ಇಡುತ್ತಾನೆ. ಮುಚ್ಚಳ ಒತ್ತುವ ಹುಡುಗ ಇನ್ನೂ ಹಿಂದಿನ ನಾಲ್ಕರಲ್ಲೇ ಇದ್ದಾನೆ. ಮೊದಲ ಬಾಟಲಿಯ ನೊರೆ ಆರುತ್ತಿದೆ, ಬೆರಳಿನಷ್ಟು ಜಾಗ ಖಾಲಿಯಾಗುತ್ತಿದೆ, ಯಾರಿಗೂ ಅವಸರವಿಲ್ಲ. ಮಧ್ಯೆ ಫೋನ್ ಬರುತ್ತದೆ. ಹಾಗೆ ತೆರೆದು ನಿಂತ ಬಾಟಲಿಗೂ ಮುಚ್ಚಳ ಬೀಳುತ್ತದೆ, ಕೇಸಿಗೆ ಹೋಗುತ್ತದೆ, ಲಾರಿ ಹತ್ತುತ್ತದೆ. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ನೊರೆ ಏಕೆ ಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ. ಮಾಲೀಕ ಆಮ್ಲಜನಕದ ಮೀಟರ್ ಕೊಂಡಿಲ್ಲ, ದುಬಾರಿ ಎನ್ನುತ್ತಾನೆ. ಅದೇ ಮಾಲೀಕ ಲೇಬಲ್ಲಿನ ಡಿಸೈನಿಗೆ, ಟ್ಯಾಪ್‌ರೂಮಿನ ದೀಪಗಳಿಗೆ ಲಕ್ಷಗಟ್ಟಲೆ ಸುರಿದಿರುತ್ತಾನೆ. ಮೀಟರ್ ಇಲ್ಲದೆ ಬಾಟಲಿ ತುಂಬುವವನು ತಾನು ಏನನ್ನು ಮಾರುತ್ತಿದ್ದೇನೆಂದು ತಿಳಿಯದೆ ಮಾರುತ್ತಿದ್ದಾನೆ. ಕೊಳ್ಳಲಾಗದಿದ್ದರೆ ಬಾಡಿಗೆಗೆ ತರಲಿ, ನಾಲ್ಕು ಬ್ರೂವರಿ ಸೇರಿ ಒಂದು ಇಟ್ಟುಕೊಳ್ಳಲಿ. ಅದೂ ಆಗದಿದ್ದರೆ ಬಾಟಲಿಯ ಆಸೆ ಬಿಡಲಿ.

ಗಾಳಿ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ಈಗಿನ ಫ್ಯಾಷನ್ನಾದ ಮಬ್ಬು ಐಪಿಎ (ಇಂಡಿಯಾ ಪೇಲ್ ಏಲ್) ನೋಡಬೇಕು. ಟ್ಯಾಂಕಿನಿಂದ ಬಂದಾಗ ಅದರ ಬಣ್ಣ ಮಾವಿನ ರಸದ ಹಳದಿ, ಮೂಗಿಗೆ ಕಿತ್ತಳೆ ಸಿಪ್ಪೆ, ಅನಾನಸು. ಗಾಳಿ ಸೇರಿದ ಬಾಟಲಿಯಲ್ಲಿ ಕೆಲವೇ ವಾರಕ್ಕೆ ಹಳದಿ ಮಾಸಿ, ಬೂದು ಕಲಸಿದ ಕಂದು ಬಣ್ಣವಾಗುತ್ತದೆ. ಹಣ್ಣಿನ ವಾಸನೆ ಹೋಗಿ ಮಂಕಾದ ಸಿಹಿಯೊಂದು ಉಳಿಯುತ್ತದೆ, ಜೇನು ಹಳತಾದ ವಾಸನೆ. ನಾಲಿಗೆಯ ಹಿಂಭಾಗದಲ್ಲಿ ಒರಟು ಕಹಿ. ಹಾಪ್ಸನ್ನು ಧಾರಾಳವಾಗಿ ಸುರಿದಷ್ಟೂ ಈ ಬಿಯರ್ ಬೇಗ ಕೆಡುತ್ತದೆ. ಹಾಪ್ಸಿನ ಸುವಾಸನೆಗೆ ಆಯುಸ್ಸು ಕಡಿಮೆ, ಜೊತೆಗೆ ಹಾಪ್ಸಿನ ಹೂವಿನಿಂದ ಇಳಿಯುವ ಮ್ಯಾಂಗನೀಸ್ ಈ ಕೆಡುಕನ್ನು ಚುರುಕು ಮಾಡುತ್ತದೆ. ಅಂದರೆ ನಮ್ಮ ಬ್ರೂವರ್‌ಗಳು ದೂರ ಕಳಿಸಲು ಅತಿ ಉತ್ಸಾಹದಿಂದ ಆರಿಸುವ ಬಿಯರೇ ಪ್ರಯಾಣ ತಾಳದ ಬಿಯರು.

ಇಲ್ಲೊಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ. ಐಪಿಎ ಎಂದರೇ ಇಂಡಿಯಾಕ್ಕೆ ಹಡಗಿನಲ್ಲಿ ಬಂದ ಬಿಯರು, ಆಗ ಫ್ರಿಜ್ಜೂ ಇರಲಿಲ್ಲ ಏನೂ ಇರಲಿಲ್ಲ, ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಬಂದದ್ದೇ ಚೆನ್ನಾಗಿತ್ತಲ್ಲ, ನಮ್ಮದು ಎರಡು ದಿನದ ಲಾರಿ ಪ್ರಯಾಣ ತಾಳದೇ ಎಂದು. ಓದದವರ ವಾದ ಇದು. ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್ ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಳಿಸುತ್ತಿದ್ದ ಬಿಯರು, ಆಮೇಲೆ 1820ರ ದಶಕದಿಂದ ಬರ್ಟನ್ ಊರಿನ ಆಲ್ಸಪ್ ಮೊದಲಾದವರು ಕಳಿಸಿದ ಬಿಯರು, ಗುಡ್ ಹೋಪ್ ಭೂಶಿರ ಸುತ್ತಿಕೊಂಡು ನಾಲ್ಕರಿಂದ ಆರು ತಿಂಗಳ ದಾರಿ, ಭೂಮಧ್ಯ ರೇಖೆಯನ್ನು ಎರಡು ಸಲ ದಾಟಿ ಮದ್ರಾಸು, ಕಲ್ಕತ್ತೆ ಮುಟ್ಟುತ್ತಿದ್ದುದು ನಿಜ. ಆದರೆ ಅದನ್ನು ಆ ಪ್ರಯಾಣಕ್ಕೆಂದೇ ಮಾಡುತ್ತಿದ್ದರು. ಸಕ್ಕರೆಯ ಅಂಶ ಉಳಿಯದಂತೆ ಪೂರ್ತಿ ಹುದುಗಿಸಿ, ಹಾಪ್ಸನ್ನು ಸುವಾಸನೆಗಿಂತ ಹೆಚ್ಚಾಗಿ ಕೆಡದಿರಲೆಂದು ಹಾಕಿ, ಮರದ ಪೀಪಾಯಿಯಲ್ಲಿ ತುಂಬಿ, ಹಡಗು ಹತ್ತಿಸುವ ಮೊದಲೇ ತಿಂಗಳುಗಟ್ಟಲೆ ಅಂಗಳದಲ್ಲಿ ಹದಕ್ಕೆ ಬಿಡುತ್ತಿದ್ದರು. ದಾರಿಯಲ್ಲೂ ಪೀಪಾಯಿಯೊಳಗಿನ ಯೀಸ್ಟು ಜೀವಂತವಾಗಿದ್ದು ಬಂದ ಆಮ್ಲಜನಕವನ್ನು ತಾನೇ ತಿಂದುಹಾಕುತ್ತಿತ್ತು. ಇಲ್ಲಿ ಇಳಿದದ್ದು ತಾಜಾ ಬಿಯರಲ್ಲ, ಬೇಕೆಂದೇ ಹಳತು ಮಾಡಿದ ಬಿಯರು. ಆ ಕಾಲದ ಬ್ರೂವರ್‌ಗೆ ತನ್ನ ಬಿಯರ್ ಎಲ್ಲಿಗೆ ಹೋಗುತ್ತದೆ, ಎಷ್ಟು ಬಿಸಿಲು ಕಾಣುತ್ತದೆ, ಯಾವಾಗ ಕುಡಿಯುತ್ತಾರೆ ಎಂಬ ಅರಿವಿತ್ತು, ಅದಕ್ಕೆ ತಕ್ಕಂತೆ ಮಾಡಿದ. ಇವರು ಅವನ ಹೆಸರು ಹೇಳುತ್ತಾರೆ, ಅವನ ಎಚ್ಚರವನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ.

ಗಾಳಿಯ ನಂತರ ಬಿಸಿ. ಅಮೆರಿಕದ ಬ್ರೂವರಿಗಳಲ್ಲಿ 3-30-300 ಎಂಬ ಸೂತ್ರವೊಂದು ಚಾಲ್ತಿಯಲ್ಲಿದೆ. ಒಂದು ಬಿಯರ್ 32 ಡಿಗ್ರಿಯಲ್ಲಿ 3 ದಿನಕ್ಕೆ ಎಷ್ಟು ಹಳಸುತ್ತದೋ, 22 ಡಿಗ್ರಿಯಲ್ಲಿ ಅಷ್ಟು ಹಳಸಲು 30 ದಿನ ಬೇಕು, 3 ಡಿಗ್ರಿಯಲ್ಲಿ 300 ದಿನ. ಇದು ಒರಟು ಲೆಕ್ಕ, ಬಿಯರಿನಿಂದ ಬಿಯರಿಗೆ ವ್ಯತ್ಯಾಸ ಇದ್ದೇ ಇದೆ. ಆದರೂ ಅದನ್ನು ನಮ್ಮ ನೆಲಕ್ಕೆ ಇಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು 40 ಡಿಗ್ರಿ ದಾಟುವುದು ಹೊಸದಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ದಾಟಿತು. ಮುಚ್ಚಿದ ಲಾರಿಯೊಳಗಿನ ಸೆಕೆ ಹೊರಗಿನದಕ್ಕಿಂತ ಹೆಚ್ಚು. ಗುರುವಾರ ಸಂಜೆ ಲೋಡಾದ ಲಾರಿ ಹೆದ್ದಾರಿ ಬದಿಯ ಢಾಬಾದಲ್ಲಿ ಹಗಲೆಲ್ಲ ನಿಂತು, ಶನಿವಾರ ಇಳಿಸಲು ಆಳಿಲ್ಲವೆಂದು ಸೋಮವಾರಕ್ಕೆ ಬಿದ್ದರೆ, ಬಾಟಲಿಯ ಮೇಲಿನ ಆರು ತಿಂಗಳ ಗಡುವಿಗೆ ಅರ್ಥವೇನು ಉಳಿಯಿತು? ಬಿಯರ್ ದಾರಿಯಲ್ಲೇ ಮುದಿಯಾಯಿತು.

ಇಲ್ಲಿ ಅಂಗಡಿಯವರೂ ಕುಡಿಯುವವರೂ ಹಿಡಿದುಕೊಂಡಿರುವ ಒಂದು ತಪ್ಪು ತಿಳಿವಳಿಕೆಯಿದೆ. ತಣ್ಣಗಿದ್ದ ಬಿಯರ್ ಬಿಸಿಯಾಗಿ ಮತ್ತೆ ತಣ್ಣಗಾದರೆ ಕೆಡುತ್ತದೆ, ಆದ್ದರಿಂದ ಮೊದಲಿನಿಂದಲೇ ಹೊರಗಿಟ್ಟರೆ ಒಳ್ಳೆಯದು ಎನ್ನುತ್ತಾರೆ. ಕೆಡಿಸುವುದು ಏರಿಳಿತವಲ್ಲ, ಬಿಸಿಯಲ್ಲಿ ಕಳೆದ ಒಟ್ಟು ಸಮಯ. ಒಂದೊಂದು ಬಿಸಿ ಗಂಟೆಯೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ, ಆಮೇಲೆ ಎಷ್ಟೇ ತಣ್ಣಗಿಟ್ಟರೂ ಆ ಲೆಕ್ಕ ಹಿಂದಕ್ಕೆ ಬರುವುದಿಲ್ಲ. ಅಂಗಡಿಯ ಮುಂದಿನ ಗಾಜಿನ ಫ್ರಿಜ್ಜಿನಲ್ಲಿ ಎರಡು ಡಜನ್ ಬಾಟಲಿ ತಣ್ಣಗೆ ಹೊಳೆಯುತ್ತಿರುತ್ತವೆ. ಹಿಂದಿನ ತಗಡಿನ ಶೀಟಿನ ಕೋಣೆಯಲ್ಲಿ ಉಳಿದ ಕೇಸುಗಳು ಬೇಯುತ್ತಿರುತ್ತವೆ. ಫ್ರಿಜ್ಜಿಗೆ ಬರುವುದು ಅಲ್ಲಿಂದಲೇ.

ಬೆಳಕಿನ ವಿಷಯ ಉದ್ದ ಹೇಳಬೇಕಿಲ್ಲ. ಹಾಪ್ಸಿನ ಕಹಿಯ ಅಂಶಕ್ಕೆ ಬೆಳಕು ತಾಗಿದರೆ ಗಂಧಕದ ಕೆಟ್ಟ ವಾಸನೆಯ ವಸ್ತು ಹುಟ್ಟುತ್ತದೆ, ಲೀಟರಿಗೆ ಕೆಲವು ನ್ಯಾನೋಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಬಿಸಿಲಿನಲ್ಲಿ ನಿಮಿಷಗಳೇ ಸಾಕು. ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು, ಬಿಳಿ ಗಾಜು ತಡೆಯುವುದಿಲ್ಲ, ಕ್ಯಾನು ಪೂರ್ತಿ ತಡೆಯುತ್ತದೆ. ಇಷ್ಟು ತಿಳಿದ ಮೇಲೂ ಬಾಟಲಿಯ ಬಣ್ಣವನ್ನು ಫೋಟೋಗೆ ಚೆಂದ ಕಾಣಲೆಂದು ಆರಿಸುವವರಿಗೆ ಏನು ಹೇಳುವುದು?

"ನಾವು ಪಾಶ್ಚರೈಸ್ ಮಾಡುವುದಿಲ್ಲ, ನಮ್ಮದು ಜೀವಂತ ಬಿಯರ್" ಎಂಬ ಹೆಮ್ಮೆಯ ಮಾತನ್ನು ಮಾತ್ರ ಹಾಗೆ ಬಿಟ್ಟುಹೋಗಲಾಗದು. ಜೀವಂತವಾದದ್ದಕ್ಕೆ ಆರೈಕೆ ಬೇಕು. ಈ ರಾಜ್ಯದಲ್ಲಿ ಅದನ್ನು ಬ್ರೂವರ್‌ಗಳಿಗಿಂತ ಚೆನ್ನಾಗಿ ಹಾಲಿನವರು ಅರಿತಿದ್ದಾರೆ. ಮಂಡ್ಯದ ಹಳ್ಳಿಯಲ್ಲಿ ಬೆಳಿಗ್ಗೆ ಕರೆದ ಹಾಲು ಸೊಸೈಟಿಗೆ ಬಂದ ಸ್ವಲ್ಪ ಹೊತ್ತಿಗೇ ಕೂಲರಿಗೆ ಇಳಿದು 4 ಡಿಗ್ರಿಗೆ ಬರುತ್ತದೆ, ಅಲ್ಲಿಂದ ಟ್ಯಾಂಕರಿನಲ್ಲಿ ತಣ್ಣಗೇ ಡೇರಿಗೆ ಹೋಗುತ್ತದೆ. ನಂದಿನಿ ಪ್ಯಾಕೆಟ್ ಹಾಲು ಬೇಕೆಂದರೆ ಫ್ರಿಜ್ಜು. ಫ್ರಿಜ್ಜಿಲ್ಲದ ಊರಿಗೆ ಗುಡ್‌ಲೈಫ್, ಅತಿ ಬಿಸಿಗೆ ಏರಿಸಿ ಇಳಿಸಿ ಗಾಳಿಯಾಡದಂತೆ ಮುಚ್ಚಿದ್ದು, ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದು. ಎರಡು ದಾರಿ, ಎರಡೂ ಸ್ಪಷ್ಟ. ಎರಡು ಹಸು ಕಟ್ಟಿಕೊಂಡ ಹೆಂಗಸಿನ ಒಂದು ಲೀಟರ್ ಹಾಲಿಗೆ ಸಿಗುವ ಈ ಮರ್ಯಾದೆ, ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಒಂದು ಲೀಟರ್ ಕ್ರಾಫ್ಟ್ ಬಿಯರಿಗೆ ಸಿಗುತ್ತಿಲ್ಲ. ನಮ್ಮವರು ಪಾಶ್ಚರೈಸೂ ಮಾಡುವುದಿಲ್ಲ, ತಣ್ಣಗೂ ಇಡುವುದಿಲ್ಲ.

ದೊಡ್ಡ ಕಂಪನಿಗಳ ಲಾಗರನ್ನು ಹೀಗಳೆಯುವುದು ಕ್ರಾಫ್ಟ್ ವಲಯದಲ್ಲಿ ರೂಢಿ. ರುಚಿಯ ಮಾತು ಬೇರೆ. ಆದರೆ ಅವರು ತುಂಬಿದ ಬಾಟಲಿಯನ್ನು 60 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟಷ್ಟು ಬಿಸಿ ಕೊಟ್ಟು, ಒಳಗಿನ ಯೀಸ್ಟು, ಬ್ಯಾಕ್ಟೀರಿಯಾ ಸಾಯುವಂತೆ ನೋಡಿಕೊಳ್ಳುತ್ತಾರೆ. ಅವರ ಯಂತ್ರಗಳು ಗಾಳಿಯನ್ನು ಒಳಗೆ ಬಿಡುವುದಿಲ್ಲ. ಬೀದರಿನ ಬಾರಿನಲ್ಲೂ ಅವರ ಬಿಯರು ಅವರು ಮಾಡಿದ ರುಚಿಯ ಹತ್ತಿರದಲ್ಲೇ ಇರುತ್ತದೆ. ಆ ಶಿಸ್ತನ್ನು ಕಲಿಯದೆ ಅವರನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಹಾಗೆಂದು ಪಾಶ್ಚರೈಸ್ ಮಾಡಿದರೆ ಎಲ್ಲ ಸರಿಹೋಯಿತು ಎಂದು ತಿಳಿಯುವುದೂ ತಪ್ಪು. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಆಮ್ಲಜನಕವನ್ನು ತೆಗೆಯುವುದಿಲ್ಲ. ಗಾಳಿ ತುಂಬಿದ ಬಾಟಲಿಯನ್ನು ಬಿಸಿ ಮಾಡಿದರೆ ಬಿಯರ್ ಇನ್ನೂ ಬೇಗ ಹಳಸುತ್ತದೆ.

ಜೀವಂತ ಯೀಸ್ಟನ್ನು ಅಸಡ್ಡೆಯಿಂದ ಬಾಟಲಿಗೆ ಸೇರಿಸಿದರೆ ರುಚಿ ಕೆಡುವುದಷ್ಟೇ ಅಲ್ಲ, ಬಾಟಲಿ ಸಿಡಿಯಬಹುದು. ಸಾಮಾನ್ಯ ಯೀಸ್ಟು ಬಿಟ್ಟುಬಿಡುವ ಸಂಕೀರ್ಣ ಸಕ್ಕರೆಯನ್ನೂ ಒಡೆದು ತಿನ್ನುವ ಡಯಾಸ್ಟಾಟಿಕಸ್ ಎಂಬ ತಳಿಯಿದೆ. ಅದು ಸ್ವಲ್ಪ ಸೇರಿಕೊಂಡರೂ ಮುಚ್ಚಿದ ಬಾಟಲಿಯೊಳಗೆ ಹುದುಗುವಿಕೆ ಮತ್ತೆ ಶುರುವಾಗಿ ಒತ್ತಡ ಏರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. 2016ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಲೆಫ್ಟ್ ಹ್ಯಾಂಡ್ ಬ್ರೂವರಿ ಇದೇ ಕಾರಣಕ್ಕೆ ತನ್ನ ಹೆಸರಾಂತ ಮಿಲ್ಕ್ ಸ್ಟೌಟ್ ನೈಟ್ರೋ ಬಿಯರನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಅವರಿಗೆ ಪ್ರಯೋಗಾಲಯವಿತ್ತು, ಕಂಡುಹಿಡಿದರು, ನಷ್ಟ ಹೊತ್ತು ವಾಪಸು ತಂದರು. ನಮ್ಮ ಎಷ್ಟು ಘಟಕಗಳಲ್ಲಿ ಒಂದು ಸೂಕ್ಷ್ಮದರ್ಶಕವಾದರೂ ಇದೆ?

ಹೊರಗಿನವರು ಈ ಹಾದಿಯನ್ನು ಹೇಗೆ ಸವೆಸಿದರು ಎಂಬುದು ಗುಟ್ಟೇನಲ್ಲ. ಕೊಲೊರಾಡೊದ ಕೂರ್ಸ್ 1959ರಲ್ಲಿ ಪಾಶ್ಚರೈಸ್ ಮಾಡುವುದನ್ನು ಬಿಟ್ಟಿತು. ಬಿಟ್ಟ ಮೇಲೆ ಬಿಯರನ್ನು ತಣ್ಣಗೆ ತುಂಬಿ, ತಣ್ಣನೆಯ ವಾಹನದಲ್ಲೇ ಸಾಗಿಸಿತು, 1981ರವರೆಗೂ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮಾರಲೇ ಇಲ್ಲ. ಜನ ಕದ್ದು ಸಾಗಿಸುವಷ್ಟು ಬೇಡಿಕೆ ಇತ್ತು. ಆ ಕಳ್ಳಸಾಗಣೆಯ ಮೇಲೆಯೇ 1977ರಲ್ಲಿ ಹಾಲಿವುಡ್ಡಿನಲ್ಲಿ ಒಂದು ಸಿನಿಮಾ ಬಂತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬ್ರೂವರಿ, ಕೈಯಲ್ಲಿ ತಿರುಗಿಸಿ ತೆಗೆಯುವ ಮುಚ್ಚಳವನ್ನು ಬಿಟ್ಟು ಓಪನರ್ ಬೇಕಾಗುವ ಮುಚ್ಚಳಕ್ಕೆ ಹೋಯಿತು, ಅದು ಗಾಳಿಯನ್ನು ಹೆಚ್ಚು ಬಿಗಿಯಾಗಿ ತಡೆಯುತ್ತದೆಂದು. ಗಿರಾಕಿಗೆ ಸ್ವಲ್ಪ ತೊಂದರೆಯಾದರೂ ಸರಿ ಎಂದರು. ದೇಶದ ಇನ್ನೊಂದು ತುದಿಗೆ ಬಿಯರ್ ಸಾಗಿಸುವ ಬದಲು 2014ರ ಹೊತ್ತಿಗೆ ಅಲ್ಲೇ, ನಾರ್ತ್ ಕ್ಯಾರೊಲಿನಾದಲ್ಲಿ, ಎರಡನೇ ಬ್ರೂವರಿ ಕಟ್ಟಿದರು. ಸ್ಯಾನ್ ಡಿಯಾಗೋ ಬಳಿಯ ಸ್ಟೋನ್ ಬ್ರೂವಿಂಗ್ 2012ರಲ್ಲಿ ತಂದ ಐಪಿಎಗೆ ಕುಡಿಯಬೇಕಾದ ಕೊನೆಯ ದಿನಾಂಕವೇ ಹೆಸರು. ತುಂಬಿದ ಮೇಲೆ ಅದಕ್ಕಿರುವ ಆಯುಸ್ಸು 37 ದಿನ. ಲೇಬಲ್ಲಿನಲ್ಲಿ ಆ ದಿನಾಂಕ ಬಾಟಲಿಯ ಎದೆಯಗಲಕ್ಕೆ ಅಚ್ಚಾಗಿರುತ್ತದೆ, ಕತ್ತಲ ಅಂಗಡಿಯಲ್ಲೂ ಕಾಣುವ ಹಾಗೆ.

ನಮ್ಮಲ್ಲಿ ದಿನಾಂಕ ಎಲ್ಲಿರುತ್ತದೆ? ಲೇಬಲ್ಲಿನ ಅಂಚಿನಲ್ಲಿ, ಬೆಲೆಯ ಪಕ್ಕದಲ್ಲಿ, ಅರ್ಧ ಅಳಿಸಿಹೋದ ಇಂಕಿನಲ್ಲಿ. ಕಾನೂನಿಗೆ ಬೇಕಾದಷ್ಟು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಆರು ತಿಂಗಳು ಎಂದು ಬರೆಯುವುದು ವಾಡಿಕೆ, ಆದ್ದರಿಂದ ಗೋಧಿ ಬಿಯರಿಗೂ ಆರು ತಿಂಗಳು, ಹಾಪ್ಸು ಸುರಿದ ಐಪಿಎಗೂ ಆರು ತಿಂಗಳು, ಕಪ್ಪು ಸ್ಟೌಟಿಗೂ ಆರು ತಿಂಗಳು. ಈ ಮೂರೂ ಒಂದೇ ಹಾಗೆ ಬಾಳುವುದಿಲ್ಲ ಎಂದು ಮಾಡಿದವನಿಗೆ ಗೊತ್ತು. ಗೊತ್ತಿದ್ದೂ ಒಂದೇ ಗಡುವು ಅಚ್ಚು ಹಾಕುವುದು ಗಿರಾಕಿಗೆ ಸುಳ್ಳು ಹೇಳಿದಂತೆ.

ವ್ಯವಸ್ಥೆಯ ತೊಡಕು ಇಲ್ಲವೆಂದಲ್ಲ. 2003ರಿಂದ ಕರ್ನಾಟಕದಲ್ಲಿ ಬಾಟಲಿ ಮದ್ಯದ ಸಗಟು ವ್ಯಾಪಾರ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಬ್ರೂವರಿಯಿಂದ ಹೊರಟ ಕೇಸು ನಿಗಮದ ಡಿಪೋ ಮುಟ್ಟದೆ ಅಂಗಡಿಗೆ ಹೋಗುವಂತಿಲ್ಲ. ಅಂಗಡಿಯವನು ಇಂಡೆಂಟ್ ಹಾಕುವವರೆಗೆ ಅದು ಅಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಬ್ರೂವರ್ ಹಿಡಿತದಲ್ಲಿಲ್ಲ. ಬೇರೆ ರಾಜ್ಯಕ್ಕೆ ಹೋದರೆ ಬೇರೆ ಪರ್ಮಿಟ್, ಬೇರೆ ಲೇಬಲ್ ನೋಂದಣಿ, ಮತ್ತೆ ಕಾಯುವುದು. ಡಿಪೋಗಳಲ್ಲಿ ತಣ್ಣನೆಯ ಕೋಣೆಗಾಗಿ ಸರ್ಕಾರವನ್ನು ಕೇಳಬೇಕು, ಬ್ರೂವರಿಗಳು ಒಟ್ಟಾಗಿ ಕೇಳಬೇಕು. ರಾಜ್ಯದ ಬೊಕ್ಕಸಕ್ಕೆ ಇಷ್ಟು ಅಬಕಾರಿ ವರಮಾನ ಬರುವಾಗ ಅದು ದೊಡ್ಡ ಬೇಡಿಕೆಯೂ ಅಲ್ಲ. ಆದರೆ ಈ ದಾರಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವಾಗಲೇ ಗೊತ್ತಿತ್ತು. ಬಿಸಿಯ ದಾರಿ ಎಂದು ಗೊತ್ತಿದ್ದ ಮೇಲೆ ಬಿಸಿ ತಾಳದ ಬಿಯರನ್ನು ಆ ದಾರಿಗೆ ಹತ್ತಿಸಿದವನು ಡಿಪೋದತ್ತ ಬೆರಳು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಡಿಪೋದಲ್ಲಿ ಮಲಗಿರುವ ಕೇಸುಗಳ ಪಟ್ಟಿ ತರಿಸಿಕೊಂಡು, ಮಾರಾಟವಾಗದೆ ಹಳತಾದದ್ದನ್ನು ತಾನೇ ಹಿಂದಕ್ಕೆ ಪಡೆದು ನಾಶಮಾಡುವವನಿಗೆ ಮಾತ್ರ ದೂರುವ ಹಕ್ಕಿದೆ.

ಕುಡಿಯುವವರೇ, ನಿಮಗೂ ಒಂದು ಮಾತು. ವೈನ್ ಶಾಪಿನ ಮುಂದೆ ನಿಂತು ನೀವು ಕೇಳುವ ಪ್ರಶ್ನೆ ಒಂದೇ: "ಚಿಲ್ಡ್ ಇದೆಯಾ?" ಯಾವಾಗ ತುಂಬಿದ್ದು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಬಾಟಲಿಯನ್ನು ನೀರಿನ ಗ್ಲಾಸಿನಲ್ಲಿ ತಲೆಕೆಳಗಾಗಿ ಹಿಡಿದು ಗ್ಲಿಸರಿನ್ ಇಳಿಯಿತು ಎಂದು ತೋರಿಸುವವರು ಮಾತ್ರ ಊರಿಗೆ ಹತ್ತು ಜನ ಸಿಗುತ್ತಾರೆ. ಅಲ್ಲಿ ಇಳಿಯುವುದು ಗ್ಲಿಸರಿನ್ ಅಲ್ಲ, ನೀರಿಗಿಂತ ಸ್ವಲ್ಪ ಭಾರವಾದ ಬಿಯರೇ. ಆ ಪರೀಕ್ಷೆಗೆ ಕೊಡುವ ಸಮಯದಲ್ಲಿ ಲೇಬಲ್ ತಿರುಗಿಸಿ ದಿನಾಂಕ ಓದಬಹುದು. ಎರಡು ತಿಂಗಳು ದಾಟಿದ ಐಪಿಎ ಬೇಡ ಎಂದು ಹೇಳಿ. ಹಳಸಿದ್ದನ್ನು ತೆರೆದರೆ ಸುಮ್ಮನೆ ಮೂಗು ಮುರಿದು ಕುಡಿಯಬೇಡಿ, ಅಂಗಡಿಗೆ ವಾಪಸು ಕೊಂಡೊಯ್ಯಿರಿ, ಬ್ಯಾಚ್ ನಂಬರ್ ಬರೆದು ಬ್ರೂವರಿಗೆ ತಿಳಿಸಿ. ನೀವು ಸಹಿಸಿಕೊಂಡಷ್ಟು ದಿನ ಅವರು ತಿದ್ದಿಕೊಳ್ಳುವುದಿಲ್ಲ. ಕ್ರಾಫ್ಟ್ ಬಿಯರಿನ ರುಚಿಯೇ ಹೀಗೆ ಎಂದು ಹೊಸಬನೊಬ್ಬ ಆ ಹಳಸಲನ್ನೇ ನಂಬಿ ದೂರ ಸರಿದರೆ, ಅವನು ಮತ್ತೆ ಬರುವುದಿಲ್ಲ, ಅಷ್ಟೇ ಅಲ್ಲ, ಹತ್ತು ಜನಕ್ಕೆ ಹೇಳುತ್ತಾನೆ. ಆ ನಷ್ಟ ಕೆಟ್ಟದ್ದು ಮಾಡಿದವನಿಗೆ ಮಾತ್ರ ತಟ್ಟುವುದಿಲ್ಲ, ಎಚ್ಚರದಿಂದ ತುಂಬಿದವನಿಗೂ ತಟ್ಟುತ್ತದೆ.

ಬ್ರೂವರ್‌ಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಮುಂದಿನ ಬ್ಯಾಚ್ ತುಂಬಿದಾಗ ಎರಡು ಡಜನ್ ಬಾಟಲಿ ಪಕ್ಕಕ್ಕೆ ತೆಗೆಯಿರಿ. ಅರ್ಧವನ್ನು 3 ಡಿಗ್ರಿಯಲ್ಲಿಡಿ. ಉಳಿದರ್ಧವನ್ನು ನಿಮ್ಮ ಗಿರಾಕಿಯ ಅಂಗಡಿಯ ತಗಡಿನ ಗೋಡೌನಿನಲ್ಲೇ, ಆ ಕೇಸುಗಳ ಮಧ್ಯೆಯೇ ಇಡಿ. ಎರಡು ವಾರಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ತೆರೆದು, ಪಕ್ಕಪಕ್ಕದಲ್ಲಿಟ್ಟು, ತುಂಬುವ ಹುಡುಗರನ್ನೂ ಕೂರಿಸಿಕೊಂಡು ಕುಡಿದು ನೋಡಿ. ಗೋಡೌನಿನ ಬಾಟಲಿ ನಿಮಗೇ ಇಳಿಯದಾಗುವ ದಿನ ಯಾವುದೋ, ಲೇಬಲ್ಲಿನ ಮೇಲೆ ಅದನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅದು ನಲವತ್ತು ದಿನವಾದರೆ ನಲವತ್ತು ಎಂದೇ ಹಾಕಿಸಿ, ನಲವತ್ತು ದಿನದಲ್ಲಿ ಮಾರಿ ಮುಗಿಯುವ ಊರುಗಳಿಗೆ ಮಾತ್ರ ಲಾರಿ ಕಳಿಸಿ.